ದ್ವಂದ್ವಯುದ್ಧ: ಕನ್ನಡ ನಾಡಿನಲ್ಲಿ ಇಬ್ಬರ ಕಾಳಗದ ಚರಿತ್ರೆ

ಒಬ್ಬನಿಗೆ ಒಬ್ಬನೇ ಎದುರು ನಿಂತು, ಇಬ್ಬರೂ ಒಪ್ಪಿದ ಕಟ್ಟುಪಾಡಿನೊಳಗೆ, ಗೆಲುವು ಸೋಲು ತೀರ್ಮಾನವಾಗುವ ತನಕ ನಡೆಸುವ ಹೋರಾಟವೇ ದ್ವಂದ್ವಯುದ್ಧ. ಎರಡು ಸೈನ್ಯಗಳು ಎದುರಾದಾಗ ನಾಯಕರಿಬ್ಬರು ಕೈ ಮಿಲಾಯಿಸುವುದು ಇದರ ಒಂದು ಬಗೆ. ಮಾನದ ಪ್ರಶ್ನೆಯನ್ನೋ ನೆಲದ ತಕರಾರನ್ನೋ ಕತ್ತಿಯಿಂದ ತೀರಿಸಿಕೊಳ್ಳುವುದು ಇನ್ನೊಂದು. ಬಿರುದಿಗಾಗಿ, ಬಹುಮಾನಕ್ಕಾಗಿ, ಅರಸನ ಮುಂದೆ ಬಲ ತೋರಿಸುವುದು ಮತ್ತೊಂದು. ಕನ್ನಡ ನಾಡಿನ ಶಾಸನ, ಕಾವ್ಯ, ಶಿಲ್ಪಗಳಲ್ಲಿ ಈ ಮೂರಕ್ಕೂ ಸಾವಿರ ವರ್ಷಕ್ಕೆ ಮೇಲ್ಪಟ್ಟ ದಾಖಲೆಗಳಿವೆ. ಅದರಲ್ಲೂ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರನ್ನು ನಡುವಿಟ್ಟುಕೊಂಡು ನೋಡಿದರೆ ಅಬ್ಬಲೂರು, ಬಳ್ಳಿಗಾವೆ, ಹಾನಗಲ್ಲು, ಬಾಡ ಹೀಗೆ ಈ ಚರಿತ್ರೆಯ ಮುಖ್ಯ ಸಾಕ್ಷಿಗಳು ಒಂದೇ ಸೀಮೆಯೊಳಗೆ ಸಿಗುತ್ತವೆ. ಇವನ್ನೆಲ್ಲ ಜೋಡಿಸಿ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕಾದುವವರು ಇಬ್ಬರೇ ಆದರೂ ಆ ಕಾಳಗಕ್ಕೆ ಬೆಲೆ ಬರುವುದು ಅದನ್ನು ನೋಡಿ, ಒಪ್ಪಿ, ತೀರ್ಪು ಹೇಳುವ ಮೂರನೆಯವರಿಂದ. ಅರಸ, ಮಂತ್ರಿ, ಊರ ಹಿರಿಯರು, ಕೊನೆಗೆ ಕಲ್ಲಿನ ಮೇಲಿನ ಬರಹ ಕೂಡ ಆ ಸ್ಥಾನದಲ್ಲಿ ನಿಂತಿವೆ.

ಮಹಾಕಾವ್ಯಗಳ ದ್ವಂದ್ವಗಳಲ್ಲಿ ಈ ಮೂರನೆಯವನ ಪಾತ್ರವೇ ಹೆಚ್ಚು ತೊಡಕಿನದು. ಹಂಪಿ ಆನೆಗೊಂದಿಯ ಸುತ್ತಲ ಬೆಟ್ಟಗಳನ್ನು ಜನ ಕಿಷ್ಕಿಂಧೆಯೆಂದು ನಂಬುತ್ತ ಬಂದಿದ್ದಾರೆ. ಅಲ್ಲಿ ವಾಲಿ ಸುಗ್ರೀವರು ಕಾದುವಾಗ ಮೂರನೆಯವನಾದ ರಾಮ ಮರದ ಮರೆಯಲ್ಲಿದ್ದ. ವಾಲಿ ಸಾಯುವ ಮುನ್ನ ಎತ್ತಿದ ಆಕ್ಷೇಪವೂ ಅದೇ. ಮಹಾಭಾರತದ ಗದಾಯುದ್ಧಕ್ಕೆ ಗುರು ಬಲರಾಮನೇ ಸಾಕ್ಷಿ. ನಾಭಿಯ ಕೆಳಗೆ ಹೊಡೆಯಬಾರದೆಂಬ ಗದೆಯ ನಿಯಮವನ್ನು ಭೀಮ ಮುರಿದಾಗ ಅವನ ಮೇಲೆ ಏರಿಹೋದವನೂ ಬಲರಾಮನೇ. ಮುಧೋಳದ ರನ್ನ ಈ ಒಂದು ಕಾಳಗವನ್ನೇ ಹಿಡಿದು ಇಡೀ ಭಾರತದ ಕಥೆಯನ್ನು ಹಿನ್ನೋಟದಲ್ಲಿ ಹೇಳಿದ್ದು ಕನ್ನಡದ ದೊಡ್ಡ ಸಾಹಸ. ಅವನ ‘ಸಾಹಸಭೀಮವಿಜಯ’ದಲ್ಲಿ ಭೀಮನೆಂದರೆ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗ. ಆದರೂ ಕವಿ ಎದುರಾಳಿಯನ್ನು ಸಣ್ಣವನನ್ನಾಗಿ ಮಾಡಲಿಲ್ಲ. ದುರ್ಯೋಧನನಿಗೆ ‘ಛಲದಂಕಮಲ್ಲ’ನೆಂಬ ಹೆಸರು ಕೊಟ್ಟು, ಸೋಲುವವನಿಗೂ ಸರಿಸಮನ ಎತ್ತರ ಕಲ್ಪಿಸಿದ. ಸರಿಜೋಡಿ ಇಲ್ಲದ ಕಡೆ ದ್ವಂದ್ವವೂ ಇಲ್ಲ, ಬರಿಯ ಕೊಲೆ ಇರುತ್ತದೆ. ಈ ತಿಳಿವಳಿಕೆ ರನ್ನನ ಕಾವ್ಯದ ಉದ್ದಕ್ಕೂ ಇದೆ.

ಸೈನ್ಯಗಳ ನಾಶ ತಪ್ಪಿಸಲು ಇಬ್ಬರೇ ಕಾದಬೇಕೆಂಬ ವಿಚಾರ ಅತ್ಯಂತ ಸ್ಪಷ್ಟವಾಗಿ ಮೂಡಿರುವುದು ಜೈನ ಪರಂಪರೆಯ ಭರತ ಬಾಹುಬಲಿಯರ ಕಥೆಯಲ್ಲಿ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ಈ ಕಥೆಯನ್ನು ಪಂಪ 941ರಲ್ಲಿ ‘ಆದಿಪುರಾಣ’ದ ಮೂಲಕ ಕನ್ನಡಕ್ಕೆ ತಂದ. ಎರಡೂ ಕಡೆಯ ಮಂತ್ರಿಗಳು ಕೂಡಿ ಯೋಚಿಸಿ, ಅಣ್ಣತಮ್ಮಂದಿರ ಜಗಳಕ್ಕೆ ಪ್ರಜೆಗಳು ಸಾಯುವುದು ಬೇಡವೆಂದು ಧರ್ಮಯುದ್ಧ ಗೊತ್ತುಮಾಡುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೊದಲ ಎರಡರಲ್ಲಿ ಎತ್ತರದ ಬಾಹುಬಲಿಗೆ ಗೆಲುವು. ಮೂರನೆಯದರಲ್ಲಿ ಅಣ್ಣನನ್ನು ಮೇಲೆತ್ತಿ ಹಿಡಿದ ಅವನು ನೆಲಕ್ಕೆ ಅಪ್ಪಳಿಸದೆ ಇಳಿಸುತ್ತಾನೆ. ಸೋಲು ನುಂಗಲಾರದ ಭರತ ಕರಾರು ಮುರಿದು ಚಕ್ರ ಪ್ರಯೋಗಿಸಿದರೂ ಅದು ತಮ್ಮನಿಗೆ ಬಲಬಂದು ನಿಲ್ಲುತ್ತದೆ. ಗೆದ್ದವನು ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ.

ಶ್ರವಣಬೆಳಗೊಳದ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು, ಅಂದರೆ ಇದೇ ಬಾಹುಬಲಿಯನ್ನು, 981ರ ಸುಮಾರಿಗೆ ನಿಲ್ಲಿಸಿದ ಚಾವುಂಡರಾಯ ಕತ್ತಿ ಹಿಡಿದು ಬೆಳೆದ ಗಂಗರ ದಂಡನಾಯಕ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. 978ರಲ್ಲಿ ಮುಗಿದ ಅವನ ಪುರಾಣ ಅವನ ಒಂದೊಂದು ಬಿರುದನ್ನೂ ಒಂದೊಂದು ಹೋರಾಟಕ್ಕೆ ಜೋಡಿಸಿ ಹೇಳುತ್ತದೆ. ಸೋದರ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ತಾನು ಕೊಂದು ಸೇಡು ತೀರಿಸಿಕೊಂಡದ್ದಕ್ಕೆ ಬಂದ ಬಿರುದು ‘ಸಮರಪರಶುರಾಮ’. ಅಂಥವನು ಮೂರು ವರ್ಷಗಳಲ್ಲೇ, ಗೆದ್ದೂ ಕೈಬಿಟ್ಟವನ ಮೂರ್ತಿಯನ್ನು ಬೆಟ್ಟದ ಮೇಲೆ ಕಡೆಯಿಸಿದ. ಕನ್ನಡ ನಾಡು ದ್ವಂದ್ವದ ಬಗ್ಗೆ ಆಡಿದ ಅತಿ ದೊಡ್ಡ ಮಾತು ಆ ಕಲ್ಲಿನಲ್ಲಿದೆ.

ಕಾವ್ಯದಿಂದ ಚರಿತ್ರೆಗೆ ಬಂದರೆ ಮೊದಲು ನಿಲ್ಲಬೇಕಾದದ್ದು ತಕ್ಕೋಲದ ಕಾಳಗದ ಮುಂದೆ. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಸೈನ್ಯ ಚೋಳರನ್ನು ಎದುರಿಸಿತು. ಕೃಷ್ಣನ ಭಾವಮೈದುನ, ಗಂಗ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದನ್ನು ಎದುರೆದುರಿನ ಕಾಳಗವೆಂದೇ ಬಣ್ಣಿಸುತ್ತದೆ. ಅದರ ಪ್ರಕಾರ ಆನೆಯ ಅಂಬಾರಿಯೇ ರಣಕಣವಾಯಿತು, ಸುರಗಿಯೇ ಆಯುಧವಾಯಿತು. ಚೋಳರ ಕಡೆಯ ಲೈಡನ್ ತಾಮ್ರಪಟಗಳಲ್ಲಿ ಅದೇ ಸಾವು ಬೇರೆ ರೂಪ ಪಡೆದಿದೆ. ಅಲ್ಲಿ ರಾಜಾದಿತ್ಯ ಆನೆಯ ಮೇಲೆ ಕುಳಿತಿರುವಾಗಲೇ ಬಾಣಗಳು ನಾಟಿ ಮಡಿದು ವೀರಸ್ವರ್ಗಕ್ಕೆ ಹೋಗುತ್ತಾನೆ. ಆತಕೂರು ಶಾಸನದ ಒಂದು ಪದವನ್ನು ಹಿಂದಿನ ವಿದ್ವಾಂಸರು ಮೋಸದ ಕೊಲೆಯೆಂದೂ ಓದಿ, ಮುಂದೆ ಆ ಓದು ತಿದ್ದುಪಡಿಯಾದದ್ದುಂಟು. ಇಬ್ಬರಿಗೂ ಸೇರದ ಸಾಕ್ಷಿ ಇಲ್ಲದ ರಣರಂಗದಲ್ಲಿ ದ್ವಂದ್ವದ ಸತ್ಯ ಎರಡಾಗಿ ಒಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಈ ಗೆಲುವಿಗೆ ಮೆಚ್ಚಿ ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳ ಪಟ್ಟಿಯಲ್ಲಿ ಬನವಾಸಿ 12000 ಮೊದಲನೆಯದು, ಜೊತೆಗೆ ಬೆಳ್ವೊಲ 300, ಪುರಿಗೆರೆ 300. ಇಂದಿನ ಹಿರೇಕೆರೂರು ಸೀಮೆ ಆ ಬನವಾಸಿ ನಾಡಿನ ಭಾಗ. ತಮಿಳು ನೆಲದಲ್ಲಿ ಒಂದು ಆನೆಯ ಬೆನ್ನ ಮೇಲೆ ನಡೆದದ್ದು ಈ ಊರುಗಳ ಒಡೆತನವನ್ನು ಬದಲಿಸಿತು.

ಅದೇ ಆತಕೂರು ಶಾಸನದಲ್ಲಿ ಇನ್ನೊಂದು ದ್ವಂದ್ವವೂ ಇದೆ. ಬೂತುಗನ ಬಂಟ ಮಣಲೇರ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದಿಗೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ನಾಯಿಗೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಪ್ರಾಣಿಗೂ ವೀರನ ಗೌರವ ಸಂದ ಅಪರೂಪದ ದಾಖಲೆ ಅದು.

ಸಾಮಾನ್ಯ ವೀರರ ಕಾಳಗವನ್ನು ಉಳಿಸಿದ್ದು ವೀರಗಲ್ಲುಗಳು. ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲು ತಾಲ್ಲೂಕುಗಳಲ್ಲಿ ಇವು ದೇವಸ್ಥಾನದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಇಂದಿಗೂ ನಿಂತಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ತುರುಗೊಳ್ ಎಂಬ ದನಗಳ ಕಳವು, ಊರಳಿವು, ಪೆಣ್ಬುಯ್ಯಲ್ ಎಂಬ ಹೆಣ್ಣಿನ ಮಾನರಕ್ಷಣೆ ಇವು ಕಾಳಗಕ್ಕೆ ಕಾರಣ. ನಿಜದಲ್ಲಿ ಇವು ಗುಂಪು ಗುಂಪಿನ ಹೊಡೆದಾಟಗಳು. ಆದರೂ ಶಿಲ್ಪಿ ಹೆಚ್ಚಿನ ಕಡೆ ಕೆಲವೇ ಎದುರಾಳಿಗಳ ಮುಂದೆ ಸತ್ತವನನ್ನು ಎತ್ತರದ ಒಂಟಿ ವೀರನಾಗಿ ಕಡೆದಿದ್ದಾನೆ. ಬದುಕುಳಿದ ಮನೆಯವರಿಗೆ ನೆತ್ತರುಕೊಡುಗೆ, ಬಾಳ್ಗಚ್ಚು ಎಂಬ ಹೆಸರಿನಲ್ಲಿ ಭೂಮಿ ಸಿಗುತ್ತಿತ್ತು. ಇಂಥವನು ಇಂಥಲ್ಲಿ ಕಾದಿ ಸತ್ತನೆಂದು ಊರು ಒಪ್ಪಿ ಕಲ್ಲು ನಿಲ್ಲಿಸಿದರೆ ಅದು ಮಕ್ಕಳ ಹಕ್ಕಿಗೆ ಆಧಾರ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಅವನನ್ನು ತಡೆದು ಪ್ರಾಣ ಕೊಟ್ಟ ಕದಂಬ ಸೇನಾನಿ ಸೋಹನಿಯ ಹೆಸರು ಉಳಿದದ್ದೂ ಹೀಗೆ ಕಲ್ಲಿನಿಂದಲೇ. ಮುತ್ತಿಗೆ ಹಾಕಿದ ಹೊಯ್ಸಳರ ಲಾಂಛನವೂ ಒಂದು ದ್ವಂದ್ವವೇ. ಹುಲಿಯನ್ನು ಇರಿಯುವ ಸಳನ ಆ ಶಿಲ್ಪ ಬಳ್ಳಿಗಾವೆಯ ಕೇದಾರೇಶ್ವರ ಗುಡಿಯ ಮೇಲೂ ಇದೆ.

ಕಾದುವುದನ್ನೇ ವೃತ್ತಿ ಮಾಡಿಕೊಂಡವನಿಗೆ ಹಳಗನ್ನಡದಲ್ಲಿ ಅಂಕಕಾರ ಎಂದು ಹೆಸರು. ‘ಚಲದಂಕಕಾರ’, ‘ಚಲದಂಕರಾಮ’ ಮುಂತಾದ ಅರಸು ಬಿರುದುಗಳು ಈ ವೃತ್ತಿಯ ಮಾತಿನಿಂದಲೇ ಹುಟ್ಟಿದವು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಅಂಕವಿನೋದ, ಮಲ್ಲವಿನೋದಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಒಂದು ಆಯುಧ ಹಿಡಿದವರದು, ಇನ್ನೊಂದು ಬರಿಗೈಯವರದು. ಮಲ್ಲರನ್ನು ಶಕ್ತಿ, ಪ್ರಾಯ, ಕೌಶಲಗಳ ಮೇಲೆ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿ, ಅವರ ಊಟ, ಸಾಮು, ಜೋಡಿ ಕಟ್ಟುವಿಕೆಗಳನ್ನು ಹೇಳಿರುವ ರೀತಿ ನೋಡಿದರೆ ಅರಮನೆಯಲ್ಲಿ ಇದಕ್ಕೊಂದು ಇಲಾಖೆಯೇ ಇದ್ದಂತೆ ತೋರುತ್ತದೆ.

ಆದರೆ ಅದೇ ಕಲ್ಯಾಣದ ನ್ಯಾಯಶಾಸ್ತ್ರ ದ್ವಂದ್ವವನ್ನು ಪ್ರಮಾಣವೆಂದು ಒಪ್ಪಲಿಲ್ಲ. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’, ಸಾಕ್ಷಿ ದಾಖಲೆಗಳು ಸಿಗದಿದ್ದಾಗ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ಐದು ದಿವ್ಯಗಳನ್ನು ವಿವರಿಸುತ್ತದೆ. ಅವುಗಳ ಸಾಲಿನಲ್ಲಿ ಕತ್ತಿಯ ಕಾಳಗವಿಲ್ಲ. ಯುರೋಪಿನಲ್ಲಿ ಆಗ ನಡೆಯುತ್ತಿದ್ದದ್ದು ಇದಕ್ಕೆ ವಿರುದ್ಧ. ಅಲ್ಲಿ ವಾದಿ ಪ್ರತಿವಾದಿಗಳು ನ್ಯಾಯಾಲಯದ ಅಪ್ಪಣೆಯಿಂದಲೇ ಕಾದಬಹುದಿತ್ತು, ಗೆದ್ದವನ ಕಡೆ ದೇವರಿದ್ದಾನೆಂದು ತೀರ್ಪಾಗುತ್ತಿತ್ತು. 1386ರಲ್ಲಿ ಫ್ರಾನ್ಸಿನ ಕಾರೂಜ್ ಮತ್ತು ಲ ಗ್ರಿ ನಡುವಿನ ಹೋರಾಟ ಅಂಥವುಗಳಲ್ಲಿ ಹೆಸರಾದದ್ದು. ಇಂಗ್ಲೆಂಡಿನಲ್ಲಿ ಆ ಹಕ್ಕು ಕಾನೂನಿನ ಪುಸ್ತಕದಿಂದ ಅಳಿದದ್ದು 1819ರಲ್ಲಿ. ಬಲ್ಲಿದನೇ ಸತ್ಯವಂತನೆಂಬ ಆ ನಂಬಿಕೆಗೆ ಕಲ್ಯಾಣದ ಪಂಡಿತರು ಜಾಗ ಕೊಡಲಿಲ್ಲ. ದಿವ್ಯಗಳೂ ಕ್ರೂರವೇ. ಆದರೆ ಅಲ್ಲಿ ತೋಳಿನ ಬಲ ತೀರ್ಪು ಹೇಳುತ್ತಿರಲಿಲ್ಲ.

ದಿವ್ಯಕ್ಕೂ ದ್ವಂದ್ವಕ್ಕೂ ನಡುವೆ ನಿಲ್ಲುವ ಪ್ರಸಂಗವೊಂದು ಅಬ್ಬಲೂರಿನಲ್ಲಿ ನಡೆಯಿತು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿರುವ ಸುಮಾರು 1200ರ ಶಾಸನ ಏಕಾಂತದ ರಾಮಯ್ಯನ ಪಂತವನ್ನು ವಿವರವಾಗಿ ಹೇಳುತ್ತದೆ. ಆಳಂದೆಯಲ್ಲಿ ಹುಟ್ಟಿ, ಹುಲಿಗೆರೆಯ ಸೋಮನಾಥನ ಭಕ್ತನಾಗಿದ್ದ ರಾಮಯ್ಯ ಅಬ್ಬಲೂರಿಗೆ ಬಂದಾಗ ಸಂಕಗಾವುಂಡನ ನಾಯಕತ್ವದ ಜೈನರೊಡನೆ ವಾದ ಬೆಳೆಯಿತು. ತನ್ನ ತಲೆಯನ್ನು ತಾನೇ ಕೊಯ್ದು ಶಿವನಿಗೆ ಅರ್ಪಿಸಿ ಮರಳಿ ಪಡೆಯುತ್ತೇನೆ, ಪಡೆದರೆ ಜಿನನನ್ನು ತೆಗೆದು ಶಿವನನ್ನು ನಿಲ್ಲಿಸಬೇಕು ಎಂದು ಓಲೆಯ ಮೇಲೆ ಕರಾರಾಯಿತು. ಏಳನೆಯ ದಿನ ತಲೆ ಮರಳಿ ಕೂಡಿತು, ಎದುರು ಪಕ್ಷ ಮಾತಿಗೆ ತಪ್ಪಿತು, ರಾಮಯ್ಯ ಬಸದಿಯ ಮೂರ್ತಿಯನ್ನು ಒಡೆದ ಎನ್ನುತ್ತದೆ ಶಾಸನ. ದೂರು ಅರಸ ಬಿಜ್ಜಳನ ತನಕ ಹೋಯಿತು. ರಾಮಯ್ಯ ಓಲೆಯನ್ನು ಮುಂದಿಟ್ಟು, ಬಸದಿಗಳನ್ನೆಲ್ಲ ಪಣಕ್ಕಿಟ್ಟರೆ ಇನ್ನೊಮ್ಮೆ ತೋರಿಸಲು ಸಿದ್ಧನೆಂದ. ಎದುರಾಳಿಗಳು ಹಿಂದೆಗೆದರು. ಬಿಜ್ಜಳ ಜಯಪತ್ರ ಬರೆದುಕೊಟ್ಟ. ಇದು ಗೆದ್ದವರು ಬರೆಸಿದ ಬರಹ, ಸೋತವರ ಮಾತು ಅದರಲ್ಲಿ ಇಲ್ಲ. ಅದನ್ನು ಒಂದು ಸಮುದಾಯ ಕಳೆದುಕೊಂಡ ಗುಡಿಯ ದಾಖಲೆಯೆಂದೂ ಓದಬೇಕು. ದ್ವಂದ್ವದ ಚರಿತ್ರೆಗೆ ಮುಖ್ಯವಾದದ್ದು ಅದರ ಕ್ರಮ: ಸವಾಲು, ಬರೆದ ಕರಾರು, ಪಣ, ಗಡುವು, ಅರಸನ ತೀರ್ಪು, ಜಯಪತ್ರ. ಕತ್ತಿ ಹಿಡಿದ ಇಬ್ಬರ ನಡುವೆ ಇರಬೇಕಾದದ್ದೆಲ್ಲ ಇಲ್ಲಿದೆ. ಕತ್ತಿ ಮಾತ್ರ ಎದುರಾಳಿಯ ಬದಲು ತನ್ನ ಕೊರಳ ಮೇಲೆಯೇ ಇದೆ.

ವಿಜಯನಗರದ ಕಾಲಕ್ಕೆ ಬಂದರೆ ಕಣ್ಣಾರೆ ಕಂಡವರ ವರದಿಗಳು ಸಿಗುತ್ತವೆ. 1535ರ ಸುಮಾರಿಗೆ ರಾಜಧಾನಿಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆಯುವಂತೆ ದ್ವಂದ್ವದಲ್ಲಿ ಕಾದುವವರಿಗೆ ಅಲ್ಲಿ ದೊಡ್ಡ ಗೌರವ, ಸತ್ತವನ ಆಸ್ತಿ ಉಳಿದವನಿಗೆ. ಆದರೆ ಮಂತ್ರಿಯ ಅಪ್ಪಣೆ ಕೇಳದೆ ಯಾರೂ ಕಣಕ್ಕೆ ಇಳಿಯುವಂತಿರಲಿಲ್ಲ, ಕೇಳಿದರೆ ಅಪ್ಪಣೆ ತಕ್ಷಣ ಸಿಗುತ್ತಿತ್ತು. ಅವನಿಗಿಂತ ಮುಂಚೆ ಬಂದಿದ್ದ ದುವಾರ್ತೆ ಬಾರ್ಬೋಸ ಭಟ್ಕಳದ ಜನ ಸಣ್ಣ ಮಾತಿಗೂ ದ್ವಂದ್ವಕ್ಕೆ ಕರೆಯುತ್ತಾರೆಂದು ಬರೆದ. ಅರಸೊತ್ತಿಗೆಯೇ ಕಣ, ಆಯುಧ, ಮಧ್ಯಸ್ಥರನ್ನು ಒದಗಿಸುತ್ತಿತ್ತು. ಮಿತಾಕ್ಷರ ಬಾಗಿಲು ಮುಚ್ಚಿದ್ದ ಪದ್ಧತಿ ಹೀಗೆ ನಾಲ್ಕು ಶತಮಾನಗಳ ತರುವಾಯ ಸರಕಾರದ ಸಹಿಯೊಂದಿಗೆ ನಡೆಯುತ್ತಿತ್ತು. ದಂಡಿನ ಮೇಲೆ ನಿಂತ ರಾಜ್ಯದಲ್ಲಿ ಬಂಟರ ಮಾನವನ್ನು ಅಂಕೆಯಲ್ಲಿಡಲು ಆಳುವವರು ಕಂಡುಕೊಂಡ ದಾರಿ ಅದು. ನಿಷೇಧಿಸಿದರೆ ಕಗ್ಗೊಲೆಗಳಾಗಬಹುದಿದ್ದ ಜಗಳಗಳು ಅಪ್ಪಣೆಯ ಮೂಲಕ ಬಯಲಿಗೆ ಬಂದವು.

1520ರ ಸುಮಾರಿನ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನೇ ಕೊಟ್ಟಿದ್ದಾನೆ. ನಸುಕಿನಲ್ಲಿ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ ಬೆವರಿಳಿದ ಮೇಲೆ ರಾಯ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದ. ಮಹಾನವಮಿಯ ಕುಸ್ತಿ ತಮ್ಮ ದೇಶದ್ದರಂತಲ್ಲ, ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ಕೆಡಿಸುವಂಥ ಗುದ್ದುಗಳು ಬೀಳುತ್ತವೆ ಎಂದೂ ಅವನು ದಾಖಲಿಸಿದ.

ಈ ಗುದ್ದಿನ ಕುಸ್ತಿ ಮೈಸೂರಿಗೆ ಬಂದು ವಜ್ರಮುಷ್ಟಿ ಕಾಳಗವಾಗಿ ಉಳಿದಿದೆ. ಬೆರಳುಗಳಿಗೆ ಮೊನಚಾದ ನಖ ತೊಟ್ಟ, ತಲೆ ಬೋಳಿಸಿದ ಜಟ್ಟಿಗಳು ವಿಜಯದಶಮಿಯ ದಿನ ಅರಮನೆಯ ಆವರಣದ ಕೆಮ್ಮಣ್ಣಿನ ಕಣದಲ್ಲಿ ಎದುರಾಗುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನಗಳವರು ಇದಕ್ಕೆ ತಯಾರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಆಮೇಲೆಯೇ ರಾಜಮನೆತನದವರು ಬನ್ನಿಪೂಜೆಗೆ ಹೊರಡುವುದು. ಇದೇ ಮನೆತನದ ರಣಧೀರ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ವೇಷ ಮರೆಸಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಜಟ್ಟಿಯನ್ನು ದ್ವಂದ್ವದಲ್ಲಿ ಕೊಂದರೆಂಬ ಕಥೆ ಐತಿಹ್ಯವಾಗಿ ಬಾಳಿ, 1960ರಲ್ಲಿ ರಾಜ್‌ಕುಮಾರ್ ನಟಿಸಿದ ಚಿತ್ರದಿಂದ ಮನೆಮಾತಾಯಿತು.

ಕಾಸರಗೋಡಿನಿಂದ ದಕ್ಷಿಣಕ್ಕೆ ಮಲಬಾರಿನಲ್ಲಿ ಅಂಕ ಎಂಬ ಹೆಸರಿನಲ್ಲೇ ಬಾಡಿಗೆಯ ದ್ವಂದ್ವ ನಡೆಯುತ್ತಿತ್ತು. ಜಗಳವಾಡುವ ಎರಡು ಮನೆತನಗಳು ತಾವು ಕಾದದೆ ಹಣ ಕೊಟ್ಟು ಚೇಕವರನ್ನು ಇಳಿಸುತ್ತಿದ್ದವು. ಎತ್ತರದ ಅಂಕಕಟ್ಟೆಯ ಮೇಲೆ ಒಬ್ಬ ಬಿದ್ದರೆ ತಕರಾರು ಮುಗಿಯಿತು. ವಡಕ್ಕನ್ ಪಾಟ್ಟು ಎಂಬ ಹಾಡುಗಳ ಆರೋಮಲ್ ಚೇಕವರ್ ಅಂಥ ವೀರ. ಕರಾವಳಿಯ ಕನ್ನಡದಲ್ಲಿ ಆ ಮಾತು ಕೋಳಿ ಅಂಕದಲ್ಲಿ ಮಾತ್ರ ಉಳಿದಿದೆ.

ಯುರೋಪಿನ ಖಾಸಗಿ ದ್ವಂದ್ವ ಬ್ರಿಟಿಷರೊಡನೆ ಭಾರತಕ್ಕೂ ಬಂತು. 1780ರ ಆಗಸ್ಟ್ 17ರಂದು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ತನ್ನ ಮಂಡಳಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್‌ನ ಮೇಲೆ ಪಿಸ್ತೂಲು ಹಾರಿಸಿ ಗಾಯಗೊಳಿಸಿದ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟುತ್ತ ಸವಣೂರು, ಹಾವೇರಿ ಸೀಮೆಯಲ್ಲಿ ದಂಡು ನಡೆಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ, ಪ್ರಧಾನಿಯಾಗಿದ್ದಾಗಲೇ 1829ರ ಮಾರ್ಚ್ 21ರಂದು ಲಂಡನ್ನಿನ ಬ್ಯಾಟರ್ಸಿ ಬಯಲಿನಲ್ಲಿ ಲಾರ್ಡ್ ವಿಂಚೆಲ್ಸಿಯೊಡನೆ ಪಿಸ್ತೂಲು ದ್ವಂದ್ವಕ್ಕೆ ನಿಂತ. ಇಬ್ಬರಿಗೂ ಪೆಟ್ಟಾಗಲಿಲ್ಲ. ನಸುಕಿನಲ್ಲಿ, ಊರ ಹೊರಗೆ, ಆಪ್ತರಷ್ಟೇ ಸಾಕ್ಷಿಯಾಗಿ, ಕಾನೂನಿನ ಕಣ್ಣು ತಪ್ಪಿಸಿ ನಡೆಯುವ ಈ ಬಗೆ ಕನ್ನಡ ನಾಡಿನ ಬಯಲ ಕಾಳಗಕ್ಕೆ ತೀರ ದೂರದ್ದು. ಇಲ್ಲಿ ಅದು ಬೇರೂರಲೂ ಇಲ್ಲ.

1860ರ ಭಾರತೀಯ ದಂಡ ಸಂಹಿತೆ ದ್ವಂದ್ವದ ಹೆಸರೆತ್ತದೆ ಅದರ ಲೆಕ್ಕ ತೀರಿಸಿತು. ಹದಿನೆಂಟು ವರ್ಷ ಮೀರಿದವನು ತನ್ನ ಸಮ್ಮತಿಯಿಂದಲೇ ಸಾವಿಗೆ ಅಥವಾ ಸಾವಿನ ಅಪಾಯಕ್ಕೆ ಒಡ್ಡಿಕೊಂಡಿದ್ದರೆ, 300ನೆಯ ಕಲಮಿನ ಐದನೆಯ ವಿನಾಯಿತಿಯಂತೆ ಕೊಂದವನ ಅಪರಾಧ ಕೊಲೆಯಾಗದೆ ನರಹತ್ಯೆಯಾಗುತ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ವಿನಾಯಿತಿಯನ್ನು ಉಳಿಸಿಕೊಂಡಿದೆ. ಸಮ್ಮತಿ ಶಿಕ್ಷೆಯನ್ನು ತಗ್ಗಿಸೀತು, ತಪ್ಪಿಸದು.

ರಕ್ತವಿಲ್ಲದ ದ್ವಂದ್ವಗಳು ಮಾತ್ರ ಹುಲುಸಾಗಿ ಬೆಳೆದವು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತವನ್ನೂ ರಾಗಿಯನ್ನೂ ಸಭೆಯಲ್ಲಿ ಎದುರುಬದುರು ನಿಲ್ಲಿಸಿದರು. ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಗೆ ಗೆಲುವು ಕೊಟ್ಟ. ಬಡವರ ಧಾನ್ಯ ಗೆಲ್ಲಬೇಕಾದರೆ ಬಲದ ಜಾಗದಲ್ಲಿ ತಾಳಿಕೆಯನ್ನು ಅಳತೆಗೋಲಾಗಿ ಇಡುವ ನ್ಯಾಯಾಧೀಶ ಬೇಕೆಂದು ಕನಕರು ಕಂಡುಕೊಂಡರು. ಉತ್ತರ ಕರ್ನಾಟಕದ ಲಾವಣಿ, ಗೀಗೀ ಮೇಳಗಳಲ್ಲಿ ಹರದೇಶಿ ನಾಗೇಶಿಯರು ಬೆಳತನಕ ಹಾಡಿನಲ್ಲೇ ಸವಾಲು ಜವಾಬು ನಡೆಸುತ್ತಾರೆ.

ಮೈಗೆ ಮೈ ತಾಗುವ ದ್ವಂದ್ವ ಇಂದು ಜೀವಂತವಾಗಿರುವುದು ಜಾತ್ರೆಯ ಕುಸ್ತಿಯಲ್ಲಿ. ಹಾವೇರಿ, ಧಾರವಾಡ, ಬೆಳಗಾವಿ ಕಡೆಯ ಗರಡಿಮನೆಗಳಲ್ಲಿ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡಿದ ಮಟ್ಟಿಯ ಮೇಲೆ, ಹನುಮಂತನ ಪಟದ ಮುಂದೆ ಹುಡುಗರು ಸಾಮು ಕಲಿಯುತ್ತಾರೆ. ಜಾತ್ರೆಯಲ್ಲಿ ಪಂಚರು ತೂಕ, ಪ್ರಾಯ, ಹಿಂದಿನ ಗೆಲುವುಗಳನ್ನು ನೋಡಿ ಜೋಡಿ ಕಟ್ಟುತ್ತಾರೆ. ಜೋಡಿ ಸರಿಯಿಲ್ಲವೆಂದು ಜನ ಕೂಗಿದರೆ ಕುಸ್ತಿ ನಿಲ್ಲುತ್ತದೆ. ಹಲಗೆಯ ಸದ್ದಿನ ನಡುವೆ ಪೈಲ್ವಾನರು ಮಣ್ಣು ಹಣೆಗೆ ಮುಟ್ಟಿಸಿಕೊಂಡು ಕೈ ಕೂಡಿಸುತ್ತಾರೆ. ಗೆದ್ದವನಿಗೆ ಬೆಳ್ಳಿಯ ಕಡಗ, ದೊಡ್ಡ ಕುಸ್ತಿಗೆ ಬೆಳ್ಳಿಯ ಗದೆ. ಮೈಸೂರಿನಲ್ಲಿ ‘ದಸರಾ ಕಂಠೀರವ’ ಬಿರುದು. ಹೆಣ್ಣುಮಕ್ಕಳ ಜೋಡಿಗಳೂ ಈಗ ಕಣಕ್ಕೆ ಇಳಿಯುತ್ತ, ನೋಡುವವರ ಕೂಗಿನಲ್ಲಿ ಸಮಪಾಲು ಪಡೆಯುತ್ತಿವೆ.

ಮ್ಯಾಟ್ ಮೇಲಿನ ಕುಸ್ತಿಗೂ ಜಾತ್ರೆಯ ಮಣ್ಣಿನ ಜಂಗಿ ಕುಸ್ತಿಗೂ ಇರುವ ಮುಖ್ಯ ವ್ಯತ್ಯಾಸ ತೀರ್ಪಿನದು. ಮ್ಯಾಟ್‌ನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಅಂಕ. ಜಂಗಿ ನಿಕಾಲಿ ಕುಸ್ತಿಯಲ್ಲಿ ಅಂಕಗಳಿಲ್ಲ, ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದರಷ್ಟೇ ನಿಕಾಲಿ. ಗಂಟೆ ಕಳೆದರೂ ಯಾರೂ ಚಿತ್ ಆಗದಿದ್ದರೆ ಪಂಚರು ನಡುವೆ ಬಂದು, ಇಬ್ಬರ ಕೈಗಳನ್ನೂ ಮೇಲೆತ್ತಿ ಸಮಬಲವೆಂದು ಸಾರಿ, ಬಹುಮಾನವನ್ನು ಇಬ್ಬರಿಗೂ ಹಂಚುತ್ತಾರೆ.